ಬಿಡಿಸುವ ಎಲೆ

ಅವರು ತೀರಿಕೊಂಡದ್ದು ರವಿವಾರ ಬೆಳಿಗ್ಗೆ. ನಾನು ಅವರ ಮಗಳ ಊರಾದ ಬೀಡಿಗೆ ಹೋಗಿ ಮುಟ್ಟಿದ್ದು ಸೋಮವಾರ. ಅಷ್ಟರಲ್ಲಿ ಮಣ್ಣು ಮುಗಿದಿತ್ತು. ಅಂಗಳದಲ್ಲಿ ಹಾಸಿದ್ದ ಜಮಖಾನೆಯನ್ನು ಯಾರೋ ಸುತ್ತಿಡುತ್ತಿದ್ದರು. ಖಾನಾಪುರದಿಂದ ಬೀಡಿ ದೂರದ ಊರೇನೂ ಅಲ್ಲ, ಬಸ್ಸುಗಳಿಗೆ ಕೊರತೆಯೂ ಇಲ್ಲ. ಹಾಗಿದ್ದೂ ಒಂದು ದಿನ ತಡವಾದದ್ದಕ್ಕೆ ಕಾರಣವಿದೆ. ಆ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿದರೆ ನಗೆಪಾಟಲಾದೀತು. ಆದ್ದರಿಂದ ಮೊದಲು ಅವರ ವಿಷಯ ಬರೆಯುತ್ತೇನೆ. ಕಾರಣ ಅದರ ಹಿಂದೆಯೇ ಬರುತ್ತದೆ.

ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೂ ಹೆಚ್ಚಿನವರಿಗೆ ಗುರುತು ಹತ್ತಲಾರದು. ಎಲ್ಲರ ಬಾಯಲ್ಲಿಯೂ ಅವರು ಕಾಕಾ. ನಮ್ಮೊಡನೆ ಕನ್ನಡ, ಸುತ್ತಲಿನ ಹಳ್ಳಿಯವರೊಡನೆ ಮರಾಠಿ, ಮಗಳೊಡನೆ ಮತ್ತು ಬೆಂಕಿಯೊಡನೆ ದಖನಿ ಉರ್ದು ಆಡುತ್ತಿದ್ದರು. ಬೆಂಕಿಯೊಡನೆ ಎಂದದ್ದು ಅಲಂಕಾರಕ್ಕಲ್ಲ. ಅಡುಗೆಮನೆಯ ಒಲೆ ಹೊಗೆ ಕಾರಿದರೆ ಅವರು ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಮಾತು ಕೇಳದ ಮೊಮ್ಮಗನನ್ನು ಗದರಿಸುವಂತೆ ತಮ್ಮ ಮನೆಮಾತಿನಲ್ಲಿ ಬೈಯುತ್ತಿದ್ದರು. ಒಲೆ ಸುಮ್ಮನಾಗುತ್ತಿತ್ತು.

ದೇಸೂರ ದಾಟಿ ಖಾನಾಪುರದ ಕಡೆಗೆ ಹೊರಟರೆ, ರಸ್ತೆಯಿಂದ ತುಸು ಒಳಗೆ ಒಂದು ಇಟ್ಟಿಗೆಯ ಚಿಮಣಿ ಕಾಣಿಸುತ್ತದೆ. ಈಗ ಅದಕ್ಕೆ ಬಣ್ಣದ ದೀಪಗಳನ್ನು ಸುತ್ತಿದ್ದಾರೆ. ಅದರ ಬುಡದಲ್ಲಿರುವ ಹೊಟೇಲಿಗೆ ರವಿವಾರ ಬೆಳಗಾವಿಯಿಂದ ಕಾರುಗಳು ಸಾಲುಗಟ್ಟಿ ಬರುತ್ತವೆ. ಮೊದಲು ಅದು ಹಂಚಿನ ಕಾರ್ಖಾನೆಯಾಗಿತ್ತು. ಬೆಳಗಾವಿಯ ಒಂದು ಜೈನ ಮನೆತನದವರು ಅದನ್ನು ಕಟ್ಟಿಸಿದ್ದರು. ಭತ್ತದ ಗದ್ದೆಗಳ ಮಣ್ಣನ್ನು ತಂದು, ತುಳಿದು, ಅಚ್ಚಿಗೆ ಹಾಕಿ, ಒಣಗಿಸಿ, ಸುಟ್ಟ ಹಂಚುಗಳು ಧಾರವಾಡದವರೆಗೂ ಗೋವೆಯವರೆಗೂ ಹೋಗುತ್ತಿದ್ದವಂತೆ. ಜನ ಸ್ಲ್ಯಾಬು ಹಾಕತೊಡಗಿದರು, ಇಲ್ಲದವರು ತಗಡು ಹೊದಿಸಿದರು. ಮಣ್ಣು ತೆಗೆಯುವುದೂ ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ. ಕಾರ್ಖಾನೆ ನಿಂತಿತು. ಅಂಗಳದಲ್ಲಿ ಪೊದೆ ಬೆಳೆದು, ಚಿಮಣಿಯಲ್ಲಿ ಗೂಬೆ ಸೇರಿ, ದನ ಕಾಯುವವರು ಸಹ ಆ ಕಡೆ ಹೋಗುವುದನ್ನು ಬಿಟ್ಟರು. ಒಬ್ಬರು ಮಾತ್ರ ಅಲ್ಲಿಯೇ ಇದ್ದರು. ಹಂಚು ಸುಡುವ ಭಟ್ಟಿಯ ಮೇಸ್ತ್ರಿಯಾಗಿದ್ದ ಕಾಕಾ, ಕಟ್ಟಿಗೆಯ ಗೋದಾಮಿಗೆ ಹೊಂದಿಕೊಂಡ ಒಂದು ಕೋಣೆಯಲ್ಲಿ ಉಳಿದುಕೊಂಡಿದ್ದರು. ಆ ಕೋಣೆಯ ಒಂದೇ ಕಿಟಕಿ ಭಟ್ಟಿಯ ಬಾಯಿಗೆ ಎದುರಾಗಿತ್ತು.

ಆ ಜೈನ ಮನೆತನದ, ಪುಣೆಯಲ್ಲಿ ಹೊಟೇಲು ನಡೆಸುವ ವಿದ್ಯೆ ಕಲಿತು ಬಂದ ಸಣ್ಣ ಮಾಲಕರು ಈ ಜಾಗವನ್ನು ಕೆಡವಿ ಪ್ಲಾಟು ಹಾಕಲಿಲ್ಲ. ಇದಕ್ಕಾಗಿ ಅವರನ್ನು ಮೆಚ್ಚಲೇಬೇಕು. ಹಸಿ ಹಂಚು ಒಣಗಿಸುತ್ತಿದ್ದ ಉದ್ದನೆಯ ಚಪ್ಪರ ಊಟದ ಪಡಸಾಲೆಯಾಯಿತು. ಎಂಜಿನ್ನಿನ ಕೋಣೆ ಅಡುಗೆಮನೆಯಾಯಿತು. ರೊಟ್ಟಿ, ಝುಣಕ, ಎಣ್ಣೆಗಾಯಿ, ಕೊನೆಗೆ ಬೆಳಗಾವಿಯ ಕುಂದಾ. ಇವೆಲ್ಲವೂ ಬೇರೆ ಕಡೆ ಸಿಗುವಂಥವೇ. ಬೇರೆ ಕಡೆ ಸಿಗದೆ ಇರುವುದು ಭಟ್ಟಿ. ಕಮಾನಿನ ಛಾವಣಿಯ ಆ ದೊಡ್ಡ ಗೂಡಿನೊಳಗೆ ಮೇಜುಗಳನ್ನು ಹಾಕಿದರು. ಅಲ್ಲಿ ಕೂರಬೇಕಾದರೆ ಮೊದಲೇ ಹೇಳಿಟ್ಟಿರಬೇಕು.

ನನ್ನನ್ನು ಕರೆದದ್ದು ಇತಿಹಾಸ ಬರೆಯುವುದಕ್ಕೆ. ನಮ್ಮ ತಂದೆ ಬೆಳಗಾವಿಯ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ಹೊತ್ತವರು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಇತಿಹಾಸದಲ್ಲಿ ಬಿ.ಎ. ಮುಗಿಸಿ, ಸರಕಾರಿ ಪರೀಕ್ಷೆಗಳನ್ನು ಕಟ್ಟುತ್ತ, ಫಲಿತಾಂಶದ ದಿನ ಮನೆಗೆ ತಡವಾಗಿ ಹೋಗುವುದನ್ನು ರೂಢಿ ಮಾಡಿಕೊಂಡಿದ್ದೆ. ಗೋಡೆಗೆ ಹಾಕುವ ಫಲಕ ಬರೆದುಕೊಡಿರಿ, ಜೊತೆಗೆ ಹಣ ಎಣಿಸುವ ಗಲ್ಲೆಯ ಮೇಲೂ ಕೂತುಕೊಳ್ಳಿರಿ ಎಂದು ಸಣ್ಣ ಮಾಲಕರು ಹೇಳಿದರು. ಪರೀಕ್ಷೆ ಪಾಸಾಗುವವರೆಗೆ ಎಂದುಕೊಂಡು ಒಪ್ಪಿದೆ. ನಮ್ಮ ತಂದೆ ಓಣಿಯಲ್ಲೆಲ್ಲ ಮಗ ಮ್ಯಾನೇಜರ್ ಆದನೆಂದು ಹೇಳಿ ಬಂದರು. ಹಾಗೆ ಹೇಳಿದ ಮೇಲೆ ಬಿಟ್ಟುಬರುವುದು ಕಠಿಣ.

ಫಲಕದ ಬರಹ ಸಿದ್ಧವಾದಾಗ ಅದನ್ನು ಕಾಕಾನಿಗೆ ಓದಿ ಕೇಳಿಸಿದೆ. 'ಈ ಪ್ರದೇಶದ ಔದ್ಯೋಗಿಕ ಪರಂಪರೆಯ ಮೂಕಸಾಕ್ಷಿಯಾಗಿ ನಿಂತಿರುವ' ಎಂದು ಅದು ಪ್ರಾರಂಭವಾಗುತ್ತಿತ್ತು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಛಲೋ ಬರದೀರಿ ಬಿ.ಎ. ಸಾಹೇಬ್ರ,” ಎಂದರು. “ಸತ್ತವರ ಮನ್ಯಾಗ ಕುಂತು ಕೇಳಿದಂಗ ಆತು.”

ಅಂದಿನಿಂದ ನಾನು ಅವರಿಗೆ ಬಿ.ಎ. ಸಾಹೇಬ. ಫಲಕವನ್ನು ಯಾರೂ ಓದಲಿಲ್ಲ. ಜನರಿಗೆ ಬೇಕಾದದ್ದು ಕಾಕಾ. ತಲೆಗೆ ಕೆಂಪು ಪಟಕ ಸುತ್ತಿ, ಬಿಳಿ ಅಂಗಿ ತೊಡಿಸಿ ಅವರನ್ನು ಭಟ್ಟಿಯ ಬಾಗಿಲಲ್ಲಿ ನಿಲ್ಲಿಸಲಾಗಿತ್ತು. ಊಟಕ್ಕೆ ಬಂದವರು ಒಳಗೆ ಕಾಲಿಡುವ ಮುನ್ನ ಅವರು ಬಾಗಿಲ ಪಕ್ಕದ ಗೋಡೆಗೆ ಬೆರಳುಗಳ ಹಿಂಬದಿಯನ್ನು ಮುಟ್ಟಿಸಿ, ಒಂದು ಗಳಿಗೆ ಸುಮ್ಮನೆ ನಿಂತು, “ಆರೇತಿ, ಬರ್ರಿ” ಎನ್ನುತ್ತಿದ್ದರು. ಜನ ಇದನ್ನು ಆಟವೆಂದು ತಿಳಿದು ಫೋಟೋ ತೆಗೆಯುತ್ತಿದ್ದರು. ಅದು ಆಟವಾಗಿರಲಿಲ್ಲ. ಹಿಂದೆ ಒಮ್ಮೆ ಅವಸರಪಟ್ಟು ಭಟ್ಟಿ ತೆರೆದಾಗ, ಹೊರಗೆ ತಣ್ಣಗೆ ಕಂಡ ಗೂಡಿನೊಳಗೆ ಹೋದ ಆಳೊಬ್ಬ ಸುಟ್ಟುಕೊಂಡು ಬಿದ್ದಿದ್ದನಂತೆ. ಅಂದಿನಿಂದ ಗೋಡೆ ಮುಟ್ಟದೆ ಯಾರನ್ನೂ ಒಳಗೆ ಬಿಡುವುದು ಅವರಿಂದಾಗುತ್ತಿರಲಿಲ್ಲ. ವರ್ಷಗಳಿಂದ ಬೆಂಕಿ ಕಾಣದ ಗೋಡೆಯನ್ನು ರವಿವಾರ ರವಿವಾರ ಮುಟ್ಟಿ ಮುಟ್ಟಿ ಅವರ ಬೆರಳ ಗೆಣ್ಣುಗಳಿಗೆ ಇಟ್ಟಿಗೆಯ ಕೆಂಪು ಕೂತುಬಿಟ್ಟಿತ್ತು.

ಮಾತಿನಲ್ಲಿ ಅವರು ಯಾರಿಗೂ ಸೋತವರಲ್ಲ. ಬೆಳಗಾವಿಯ ಕ್ಯಾಂಪಿನ ಕಡೆಯಿಂದ ಬಂದ ತರುಣರ ಗುಂಪೊಂದು ಚಿಕನ್ ಯಾಕಿಲ್ಲವೆಂದು ಅವರನ್ನೇ ಕೇಳಿತು. “ಇಲ್ರಿ, ಇಲ್ಲೆ ಸುಟ್ಟಿದ್ದೆಲ್ಲಾ ಮಣ್ಣ,” ಎಂದು ಉತ್ತರಿಸಿ, ಎಣ್ಣೆಗಾಯಿಯ ಮೇಜಿನತ್ತ ಕೈತೋರಿಸಿದರು. ಆದರೆ ಹೊರಗಿನವರು ಹೋದ ಮೇಲೆ ಪಟಕ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಗೇಟಿನ ಕಡೆ ನೋಡುತ್ತ ಕೂರುತ್ತಿದ್ದರು. ಶುಕ್ರವಾರದ ನಮಾಜಿಗೆ ಬಿಟ್ಟರೆ ಅವರು ಆ ಗೇಟು ದಾಟಿದ್ದನ್ನು ನಾನು ನೋಡಿರಲಿಲ್ಲ. ಬೀಡಿಯಲ್ಲಿ ಮಗಳಿದ್ದಳು. ಊರೆಲ್ಲ ಸ್ಲ್ಯಾಬು ಹಾಕಿಸುವಾಗ ಅವಳು ಹಟ ಹಿಡಿದು ತಂದೆಗಾಗಿ ಒಂದು ಹಂಚಿನ ಕೋಣೆ ಕಟ್ಟಿಸಿದ್ದಳು. ಬಂದಾಗಲೆಲ್ಲ ಕರೆಯುತ್ತಿದ್ದಳು. ಅವರು ಅವಳ ಜೊತೆ ಗೇಟಿನವರೆಗೆ ನಡೆದು, ಅಲ್ಲಿ ನಿಂತು, ಬಸ್ಸು ಹೋದ ಮೇಲೆ ಹಿಂದಕ್ಕೆ ಬರುತ್ತಿದ್ದರು.

ಯಾಕೆ ಹೋಗುವುದಿಲ್ಲವೆಂದು ನಾನೊಮ್ಮೆ ಕೇಳಿದೆ. “ಎಲಿ ಹಿಡದೇನಿ,” ಎಂದರು.

ಇಲ್ಲಿ ಭಟ್ಟಿಯ ಪದ್ಧತಿಯನ್ನು ಸ್ಪಷ್ಟಪಡಿಸುವುದು ಅವಶ್ಯ. ಒಣಗಿದ ಹಂಚುಗಳನ್ನು ಗೂಡಿನೊಳಗೆ ಜೋಡಿಸಿದ ಮೇಲೆ ಮಾಲಕರು ಬಂದು ಮೇಸ್ತ್ರಿಯ ಕೈಗೆ ಎಲೆ, ಅಡಿಕೆ, ಸುಣ್ಣ ಕೊಡುತ್ತಿದ್ದರು. ಅದು ಕಟ್ಟುವ ಎಲೆ. ಅದನ್ನು ಹಿಡಿದ ಮೇಸ್ತ್ರಿ ಭಟ್ಟಿಯ ಬಾಗಿಲನ್ನು ಇಟ್ಟಿಗೆ, ಕೆಸರುಗಳಿಂದ ಮುಚ್ಚಿ ಬೆಂಕಿ ಹಚ್ಚಬೇಕು. ಬೆಂಕಿ ಉರಿದು, ಆರಿ, ಬಾಗಿಲು ತೆರೆಯುವ ತನಕ ಅವನು ಗೇಟು ದಾಟುವಂತಿಲ್ಲ. ಮನೆಯಲ್ಲಿ ಮದುವೆಯಿರಲಿ, ಸಾವಿರಲಿ. ದೊಡ್ಡ ಮಾಲಕರು, ಎಂದರೆ ಸಣ್ಣ ಮಾಲಕರ ತಂದೆ, ಶುಕ್ರವಾರದ ನಮಾಜಿಗೆ ಮಾತ್ರ ಸವಲತ್ತು ಕೊಟ್ಟಿದ್ದರು. ಎಲ್ಲ ಆರಿದ ಮೇಲೆ ಅವರು ಮತ್ತೊಮ್ಮೆ ಬಂದು, ಎಲೆಯ ಮೇಲೆ ಬೆಲ್ಲ ಮತ್ತು ಕೊಬ್ಬರಿಯ ಚೂರು ಇಟ್ಟು ಕೊಟ್ಟು, 'ಭಟ್ಟಿ ಆತು, ಮನಿಗೆ ಹೋಗ್ರಿ' ಎನ್ನುತ್ತಿದ್ದರು. ಅದು ಬಿಡಿಸುವ ಎಲೆ. ಕಾಕಾನ ಹೆಂಡತಿ ಬೀಡಿಯ ತವರಿನಲ್ಲಿ ತೀರಿಕೊಂಡಾಗ ಭಟ್ಟಿ ಉರಿಯುತ್ತಿತ್ತು. ಅವರು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮಗಳು ಆಗ ಸಣ್ಣವಳು. ಬಾಗಿಲಲ್ಲಿ ಕುಳಿತು ತಂದೆಯ ದಾರಿ ಕಾಯುತ್ತಿದ್ದಳಂತೆ. ಇದನ್ನು ಅವರು ಒಮ್ಮೆ ಮಾತ್ರ ಹೇಳಿದರು, ಅದೂ ಒಲೆಯ ಕಡೆ ಮುಖ ಮಾಡಿ.

ಕೊನೆಯ ಭಟ್ಟಿಗೆ ದೊಡ್ಡ ಮಾಲಕರೇ ಎಲೆ ಕೊಟ್ಟರು. ಗೂಡು ಆರುವುದರೊಳಗೆ ಅವರು ಹಾಸಿಗೆ ಹಿಡಿದು, ಬೆಳಗಾವಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಸಣ್ಣ ಮಾಲಕರು ಆಗಿನ್ನೂ ಪುಣೆಯಲ್ಲಿ ಓದುತ್ತಿದ್ದರು. ಹಂಚು ಕೊಂಡಿದ್ದ ವ್ಯಾಪಾರಿಯ ಲಾರಿಗಳು ಬಂದು ನಿಂತವು. ಯಾರೋ ಆಳುಗಳು ಬಾಗಿಲನ್ನು ಒಡೆದು ಹಂಚು ತುಂಬಿದರು. ಕಾಕಾ ಬದಿಗೆ ಕುಳಿತು ನೋಡಿದರು. ಅವರನ್ನು ಬಿಡಿಸುವುದು ಯಾರಿಗೂ ನೆನಪಾಗಲಿಲ್ಲ. ಭಟ್ಟಿ ಮತ್ತೆ ಉರಿಯಲಿಲ್ಲ, ಅವರು ಎದ್ದು ಹೋಗಲಿಲ್ಲ.

ನಾನು ಓದಿದವನ ಧಾಟಿಯಲ್ಲಿ ವಾದಿಸಿದೆ. ಕೊಟ್ಟವರೇ ಇಲ್ಲದ ಮೇಲೆ ಕರಾರು ಎಲ್ಲಿಯದು ಎಂದೆ. ಮಾಲಕರ ಮನೆ ಇದೆಯಲ್ಲ ಎಂದು ಅವರು ತಿರುಗಿ ಕೇಳಿದರು. ಹಾಗಿದ್ದರೆ ಸಣ್ಣ ಮಾಲಕರನ್ನೇ ಕೇಳಿರಿ ಎಂದೆ. ಬಹಳ ದಿನ ಯೋಚಿಸಿ, ಒಂದು ಬೆಳಿಗ್ಗೆ ಅವರು ಕೇಳಿಯೇಬಿಟ್ಟರು: ನನಗೆ ಎಲೆ ಕೊಡಿರಿ, ಮಗಳ ಮನೆಗೆ ಹೋಗುತ್ತೇನೆ.

ಸಣ್ಣ ಮಾಲಕರಿಗೆ ಎಷ್ಟು ಸಂತೋಷವಾಯಿತೆಂದರೆ, ಕಾಕಾನನ್ನು ಅಪ್ಪಿಕೊಂಡರು. ಇಂಥ ಪದ್ಧತಿಯೊಂದಿತ್ತೆಂಬುದೇ ಅವರಿಗೆ ಗೊತ್ತಿರಲಿಲ್ಲ. ರವಿವಾರವೇ ಕೊಡೋಣವೆಂದರು. ಶನಿವಾರ ಸಂಜೆ ಕಾಕಾ ಟ್ರಂಕಿಗೆ ಹಗ್ಗ ಬಿಗಿದರು. ರವಿವಾರ ಬೆಳಿಗ್ಗೆ ಮಗಳು ಹೊಲಿಸಿಕೊಟ್ಟಿದ್ದ ಹೊಸ ಪೈಜಾಮ ತೊಟ್ಟು, ಹೊಟೇಲಿನ ಪಟಕವನ್ನು ಮಡಿಚಿ ನನ್ನ ಗಲ್ಲೆಯ ಮೇಲಿಟ್ಟರು. ಮಾಲಕರು ಹಿತ್ತಾಳೆಯ ತಟ್ಟೆ ಹಿಡಿದು ಬಂದರು. ಊಟಕ್ಕೆ ಬಂದವರು ಸುತ್ತ ನಿಂತು ಮೊಬೈಲು ಎತ್ತಿದರು. ಮಾಲಕರು ಭಟ್ಟಿಯ ಇತಿಹಾಸವನ್ನು ನಾಲ್ಕು ಮಾತಿನಲ್ಲಿ ಹೇಳಿ ತಟ್ಟೆ ಮುಂದೆ ಚಾಚಿದರು.

ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣವಿದ್ದವು. ಬೆಲ್ಲವಿರಲಿಲ್ಲ, ಕೊಬ್ಬರಿಯಿರಲಿಲ್ಲ.

ಕಾಕಾ ತಟ್ಟೆಯನ್ನು ನೋಡಿದರು, ಮಾಲಕರ ಮುಖವನ್ನು ನೋಡಿದರು. ಅನಂತರ ಎರಡೂ ಕೈ ಚಾಚಿ ಎಲೆ ತೆಗೆದುಕೊಂಡರು. ಜನ ಚಪ್ಪಾಳೆ ತಟ್ಟಿದರು. ಅವರು ಗಲ್ಲೆಯ ಬಳಿ ಬಂದು ಪಟಕ ಎತ್ತಿಕೊಂಡರು.

“ಮಾಲಕರ ಕೈ ಹಿಂದಕ್ಕ ಕಳಸಾಕ ಬರಂಗಿಲ್ಲ ತಮ್ಮಾ,” ಎಂದರು. ಅಂದು ಅವರು ನನ್ನನ್ನು ಸಾಹೇಬನೆನ್ನಲಿಲ್ಲ.

ಮರುದಿನ ಧೈರ್ಯ ಮಾಡಿ ಸಣ್ಣ ಮಾಲಕರಿಗೆ ಎರಡು ಎಲೆಗಳ ವ್ಯತ್ಯಾಸವನ್ನು ಕ್ರಮವಾಗಿ ವಿವರಿಸಿದೆ. ಅವರು ಲಕ್ಷ್ಯವಿಟ್ಟು ಕೇಳಿ, ಕೊನೆಗೆ ನಕ್ಕರು. “ಬಿಡಿಸೂ ಎಲಿ ಕೊಟ್ರ ಕಾಕಾ ಖರೇನ ಹೋಗಿಬಿಡ್ತಾರಲ್ರಿ,” ಎಂದರು. ಈ ವಯಸ್ಸಿನಲ್ಲಿ ಅವರು ಎಲ್ಲಿ ಹೋಗಿ ಏನು ಮಾಡಬೇಕು, ಇಲ್ಲಿ ರಾಜನಂತಿದ್ದಾರೆ ಎಂದೂ ಸೇರಿಸಿದರು. ಸುಳ್ಳಲ್ಲ. ಔಷಧ, ಬಟ್ಟೆ, ಊಟ, ಯಾವುದಕ್ಕೂ ಕೊರತೆಯಿರಲಿಲ್ಲ. ಚಳಿಗಾಲದಲ್ಲಿ ಮಾಲಕರೇ ಸ್ವತಃ ಕಂಬಳಿ ತಂದುಕೊಟ್ಟಿದ್ದರು. ಸಿಟ್ಟಿಗೇಳುವುದಕ್ಕೆ ಆಸ್ಪದವೇ ಇಲ್ಲದಂಥ ಪ್ರೀತಿ ಅದು.

ಆ ರವಿವಾರದಿಂದ ಎಲೆ ಕೊಡುವುದು ವಾರದ ಕಾರ್ಯಕ್ರಮವಾಯಿತು. ಎಂದೋ ಒಮ್ಮೆ ಕಟ್ಟಿಸಿಕೊಂಡಿದ್ದವರನ್ನು ವಾರವಾರವೂ ಹೊಸದಾಗಿ ಕಟ್ಟಲಾಗುತ್ತಿತ್ತು. ರಮಜಾನಿನ ತಿಂಗಳಲ್ಲಿ ಅವರು ಎಲೆಯನ್ನು ಬಾಯಿಗೆ ಹಾಕದೆ ಜೇಬಿನಲ್ಲಿಡುತ್ತಿದ್ದರು. ತಿನ್ನದಿದ್ದರೆ ಲೆಕ್ಕಕ್ಕಿಲ್ಲ ಅಲ್ಲವೇ ಎಂದು, ಅವರಿಗೊಂದು ದಾರಿ ತೋರಿಸುವ ಆಸೆಯಿಂದ ಕೇಳಿದೆ.

“ಎಲಿ ಬಾಯಾಗ ಕಟ್ಟಂಗಿಲ್ರಿ,” ಎಂದರು. “ಕೈಯಾಗ ಕಟ್ತೈತಿ.”

ಟ್ರಂಕಿನ ಹಗ್ಗವನ್ನು ಅವರು ಬಿಚ್ಚಿದ್ದರು, ಆದರೆ ಎಸೆದಿರಲಿಲ್ಲ. ಸುತ್ತಿ ಕಿಟಕಿಯ ಸರಳಿಗೆ ಹಾಕಿದ್ದರು.

ಹೀಗೆ ಕೆಲವು ವರ್ಷಗಳು ಸಂದವು. ನಾನು ಪರೀಕ್ಷೆಗೆ ಕೂರುವ ವಯಸ್ಸಿನ ಮಿತಿಯನ್ನು ಸದ್ದಿಲ್ಲದೆ ದಾಟಿದೆ. ಒಂದು ರವಿವಾರ ದೊಡ್ಡ ಮಾಲಕರ ಪತ್ನಿ ಬಂದರು. ನಾವು ಅಮ್ಮಾವರು ಎನ್ನುತ್ತಿದ್ದೆವು. ಮಗ ಹೊಟೇಲು ತೆರೆದ ಮೇಲೆ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಸಂಜೆಯ ಮೊದಲೇ ಊಟ ಮುಗಿಸುವ ನಿಯಮದವರಾದ್ದರಿಂದ ಮಧ್ಯಾಹ್ನವೇ ಬಂದಿದ್ದರು. ಭಟ್ಟಿಯೊಳಗೆ ಮೇಜು ಸಿದ್ಧವಾಗಿತ್ತು. ಬೆಂಕಿ ಕುಂತ ಜಾಗದಲ್ಲಿ ತಮಗೆ ಅನ್ನ ಇಳಿಯುವುದಿಲ್ಲವೆಂದು ಅವರು ಹೊರಗೇ ಕುರ್ಚಿ ಹಾಕಿಸಿಕೊಂಡರು. ಅಷ್ಟರಲ್ಲಿ ಎಲೆಯ ಹೊತ್ತಾಯಿತು. ಮಗ ತಟ್ಟೆ ಚಾಚುವುದನ್ನೂ ಕಾಕಾ ಕೈಯೊಡ್ಡುವುದನ್ನೂ ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಚಪ್ಪಾಳೆ ಮುಗಿದ ಮೇಲೆ ಕಾಕಾನನ್ನು ಹತ್ತಿರ ಕರೆದರು.

“ಭಟ್ಟಿ ನಿಂತು ಎಷ್ಟು ಕಾಲ ಆತು. ಇನ್ನೂ ಇಲ್ಲೇ ಅದೀರೇನ್ರಿ?”

“ಬಿಡಿಸಿಲ್ಲಲ್ರಿ ಅಮ್ಮಾರ.”

ಅಮ್ಮಾವರು ಮಗನ ಕಡೆ ತಿರುಗಿ ನೋಡಿದರು. ನನ್ನನ್ನು ಕರೆದು ಅಡುಗೆಮನೆಯಿಂದ ಬೆಲ್ಲ, ಕೊಬ್ಬರಿ ತರಹೇಳಿದರು. ನಾನು ಓಡಿದೆ. ನನ್ನ ಜನ್ಮದಲ್ಲಿ ಅಷ್ಟು ಅವಸರವಾಗಿ ಯಾವ ಕೆಲಸವನ್ನೂ ಮಾಡಿರಲಿಕ್ಕಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಎಲೆಯೊಂದರ ಮೇಲೆ ಅವೆರಡನ್ನೂ ಇಟ್ಟುಕೊಂಡು ಅವರು ಕುರ್ಚಿಯಿಂದ ಎದ್ದು ನಿಂತರು.

“ಅವರ ಕೈ ಇಲ್ಲ. ನನ್ನ ಕೈ ನಡೀತೈತೇನ್ರಿ?”

ಕಾಕಾ, ತಪ್ಪಿದರೆ ಮತ್ತೊಮ್ಮೆ ಕೇಳಲು ಯಾರೂ ಇಲ್ಲವೆಂಬಂತೆ ಯೋಚಿಸಿದರು. ಭಟ್ಟಿಯ ಗೋಡೆಯ ಬಳಿ ಹೋಗಿ ಬೆರಳ ಹಿಂಬದಿಯನ್ನು ಮುಟ್ಟಿಸಿ ನಿಂತರು. ತಿರುಗಿ ಬಂದು ಎರಡೂ ಕೈ ಚಾಚಿದರು.

“ಭಟ್ಟಿ ಆತು,” ಎಂದರು ಅಮ್ಮಾವರು. “ಮನಿಗೆ ಹೋಗ್ರಿ.”

ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಜನ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಕಾಕಾ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಅಲ್ಲಿಯೇ ನಿಂತು ಅಗಿದರು. ಕಣ್ಣೀರು ಹಾಕಿದರೆಂದು ಬರೆದರೆ ಚೆನ್ನಾಗಿ ಕಾಣಿಸೀತು, ಹಾಕಲಿಲ್ಲ. ಕಿಟಕಿಯ ಸರಳಿನಿಂದ ಹಗ್ಗ ತೆಗೆದು ಟ್ರಂಕಿಗೆ ಬಿಗಿದರು, ನಾನು ಬಸ್ಸಿನವರೆಗೆ ಹೊತ್ತುಕೊಟ್ಟೆ. ಗೇಟು ದಾಟುವಾಗ ಅವರ ಕಾಲು ಒಂದು ಕ್ಷಣ ತಡೆಯಿತು. ಬಸ್ಸು ಬಂದ ಮೇಲೆ, ಹತ್ತುವ ಮುನ್ನ, ನನ್ನ ಭುಜ ಹಿಡಿದು ಹೇಳಿದರು.

“ಬರೂ ರವಿವಾರ ಕೈ ಹಿಂದ ಇಟ್ಕೋರಿ ತಮ್ಮಾ. ಮುಂದ ತರಬ್ಯಾಡ್ರಿ.”

ಆಗ ನನಗೆ ಅರ್ಥವಾಗಲಿಲ್ಲ. ರವಿವಾರ ಅರ್ಥವಾಯಿತು. ಭಟ್ಟಿಯ ಮೇಜುಗಳನ್ನು ಹಿಡಿದಿಟ್ಟಿದ್ದವರು ಬಂದು ಕಾಕಾ ಎಲ್ಲಿ ಎಂದು ಕೇಳತೊಡಗಿದರು. ಸಣ್ಣ ಮಾಲಕರು ಮಡಿಚಿಟ್ಟ ಪಟಕವನ್ನು ಎತ್ತಿ ನನ್ನ ಕಡೆ ನೋಡಿದರು. ಇತಿಹಾಸ ನಿಮಗೆ ಗೊತ್ತಿದ್ದಷ್ಟು ಇನ್ಯಾರಿಗೆ ಗೊತ್ತು ಎಂದರು. ಇದೊಂದು ವಾರ ಎಂದರು. ಜನ ಸುತ್ತಲೂ ನಿಂತಿದ್ದರು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತಿದ್ದೆ. ತಟ್ಟೆ ಮುಂದೆ ಬಂದಿತು. ತಟ್ಟೆ ಮುಂದೆ ಬಂದಾಗ ಕೈ ಚಾಚಬೇಕೆಂಬುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಅದು ಕಲಿಸದೆಯೇ ಬರುತ್ತದೆ. ಎಲೆಯಲ್ಲಿ ನನಗೆ ನಂಬಿಕೆಯಿಲ್ಲ. ಪಟಕ ತುಸು ಸಡಿಲವಾಗುತ್ತಿತ್ತು, ಒಳಗೆ ಕಾಗದ ತುರುಕಿ ಬಿಗಿಮಾಡಿದರು.

ಒಮ್ಮೆ ಬೀಡಿಗೆ ಹೋಗಿ ಅವರನ್ನು ಕಂಡೆ. ಹಂಚಿನ ಕೋಣೆಯ ಮುಂದೆ ಬಿಸಿಲಿಗೆ ಕುಳಿತಿದ್ದರು. ಮೈ ತುಂಬಿಕೊಂಡಿತ್ತು. ಇಲ್ಲಿಯ ಒಲೆಗಳು ಮಾತು ಕೇಳುವುದಿಲ್ಲವೆಂದು ನಗುತ್ತ ದೂರಿದರು. ಮಾತಾಡುತ್ತಲೇ ನನ್ನ ಬಲಗೈಯನ್ನು ತೆಗೆದುಕೊಂಡು ತಿರುವಿ ನೋಡಿದರು. ಗೆಣ್ಣುಗಳ ಮೇಲೆ ಇಟ್ಟಿಗೆಯ ಕೆಂಪಿತ್ತು. ನಾನು ಬರುವ ಮುನ್ನ ತಿಕ್ಕಿ ತೊಳೆದಿದ್ದೆ.

“ನಾ ಮುದುಕ ಇದ್ನೆಪಾ,” ಎಂದರು. “ನಿಮಗೇನ ಆಗಿತ್ರಿ?”

ತಂದೆಯ ಹೆಮ್ಮೆ, ದಾಟಿದ ವಯಸ್ಸು, ಸುತ್ತ ನಿಂತ ಜನ, ಎಲ್ಲವನ್ನೂ ಕ್ರಮವಾಗಿ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವರು ಕೈ ಬಿಟ್ಟು, ಚಹಾ ತರಲು ಮಗಳನ್ನು ಕೂಗಿದರು.

ಅಮ್ಮಾವರು ಹೋದ ವರ್ಷ ಇಲ್ಲವಾದರು. ಕಾಕಾ ತೀರಿಕೊಂಡ ಸುದ್ದಿ ರವಿವಾರ ಮುಟ್ಟಿದಾಗ ನಾನು ಪಟಕ ಕಟ್ಟಿ ಭಟ್ಟಿಯ ಬಾಗಿಲಲ್ಲಿ ನಿಂತಿದ್ದೆ. ಎಲೆ ಕೈಯಲ್ಲಿತ್ತು. ಹೊರಟಿದ್ದರೆ ಮಾಲಕರು ತಡೆಯುತ್ತಿರಲಿಲ್ಲ, ಕಾರನ್ನೇ ಕೊಡುತ್ತಿದ್ದರು. ನಾನು ಗೇಟಿನವರೆಗೆ ಹೋದೆ. ಅಲ್ಲಿ ನಿಂತೆ. ತಿರುಗಿ ಬಂದು ಗೋಡೆ ಮುಟ್ಟಿ, “ಆರೇತಿ, ಬರ್ರಿ” ಎಂದೆ. ಕಾರಣ ಇಷ್ಟೇ.

ಸೋಮವಾರ ಮಗಳು ನನ್ನನ್ನು ಹಂಚಿನ ಕೋಣೆಯೊಳಗೆ ಕೂರಿಸಿದಳು. ಅವರ ಟ್ರಂಕು ಮೂಲೆಯಲ್ಲಿತ್ತು, ಹಗ್ಗವಿರಲಿಲ್ಲ. ತಡವಾದದ್ದಕ್ಕೆ ಬಸ್ಸಿನ ನೆವ ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಸಿದ್ಧಪಡಿಸಿಕೊಂಡಿದ್ದೆ. ಅವಳು ಕೈ ತೊಳೆಯಲು ಚೊಂಬಿನಿಂದ ನೀರು ಹಾಕುತ್ತಿದ್ದವಳು ಬೆರಳುಗಳನ್ನು ಕಂಡು ನಿಲ್ಲಿಸಿದಳು.

“ನಿನ್ನೆ ಎಲಿ ಹಿಡದಿದ್ರೇನ್ರಿ ಅಣ್ಣಾರ?”

ಹೌದೆಂದೆ. ತಾಯಿ ಸತ್ತ ದಿನ ಬಾಗಿಲಲ್ಲಿ ಕುಳಿತು ಕಾದಿದ್ದವಳು ಉಳಿದ ನೀರನ್ನು ಹಾಕಿದಳು, ಊಟಕ್ಕೆ ಬಡಿಸಿದಳು. ಬಿಸಿಲು ಇಳಿಯುತ್ತಿದ್ದಂತೆ ನಾನು ಎರಡು ಸಲ ರಸ್ತೆಯ ಕಡೆ ನೋಡಿದೆನೆಂದು ಕಾಣುತ್ತದೆ. ಅವಳೇ ಎದ್ದು ನನ್ನ ಚೀಲವನ್ನು ತಂದು ಕೈಗೆ ಕೊಟ್ಟಳು.

“ಹೊಂಡ್ರಿ,” ಎಂದಳು. “ಭಟ್ಟಿ ಕಾಯ್ತಿರತೈತಿ.”